ಮದುವೆಯ ದಿನ ಸಾಕುನಾಯಿಯೂ ಜೊತೆಗಿರಬೇಕೆಂದರೆ

ಮದುವೆಯಲ್ಲಿ ಮನೆಯ ನಾಯಿಯೂ ಇರಲಿ ಎಂದು ಬಯಸುವವರು ಸಾಮಾನ್ಯವಾಗಿ ಅದಕ್ಕೆ ಯಾವ ಉಡುಪು ತೊಡಿಸುವುದು, ಯಾವ ಫೋಟೊದಲ್ಲಿ ನಿಲ್ಲಿಸುವುದು ಎಂಬಲ್ಲಿಂದ ಯೋಚಿಸಲು ತೊಡಗುತ್ತಾರೆ. ಮೊದಲು ತೀರ್ಮಾನವಾಗಬೇಕಾದದ್ದು ಅದಲ್ಲ, ಆ ದಿನ ಅದರ ಹಗ್ಗ ಯಾರ ಕೈಯಲ್ಲಿರುತ್ತದೆ ಎಂಬುದು. ವಧೂವರರಿಂದ ಅದು ಆಗದ ಮಾತು. ಹೆತ್ತವರು, ಒಡಹುಟ್ಟಿದವರು, ಹತ್ತಿರದ ಗೆಳೆಯರು ಯಾರೇ ಆದರೂ ಅವರನ್ನು ಐದು ನಿಮಿಷಕ್ಕೊಮ್ಮೆ ಯಾರಾದರೂ ಕರೆಯುತ್ತಲೇ ಇರುತ್ತಾರೆ. ಬಂಧುವೊಬ್ಬರ ಮದುವೆಯಲ್ಲಿ ಈ ಹೊಣೆ ನನ್ನ ಪಾಲಿಗೆ ಬಂದಿತ್ತು. ಫೋಟೊಗೆ ಕರೆದರೆಂದು ಹಗ್ಗವನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಕಾಲಿಗೆ ಕಟ್ಟಿ ಹೋದೆ. ಮರಳುವಷ್ಟರಲ್ಲಿ ನಾಯಿ ಕುರ್ಚಿಯನ್ನೂ ಎಳೆದುಕೊಂಡು ಅತಿಥಿಗಳ ಸಾಲುಗಳ ನಡುವೆ ಓಡುತ್ತಿತ್ತು. ಬೆನ್ನಟ್ಟಿ ಬರುವ ಕುರ್ಚಿಯ ಸದ್ದಿಗೆ ಬೆದರಿದಷ್ಟೂ ಅದರ ಓಟ ಜೋರಾಗುತ್ತಿತ್ತು. ನಾಯಿಯನ್ನು ನೋಡಿಕೊಳ್ಳುವುದನ್ನು ಬಿಟ್ಟು ಬೇರಾವ ಕೆಲಸವೂ ಇಲ್ಲದ, ಹಣ ಕೊಟ್ಟು ಗೊತ್ತುಮಾಡಿದ ಒಬ್ಬ ವ್ಯಕ್ತಿ ಬೇಕು ಎಂದು ನಾನು ಒತ್ತಿ ಹೇಳುವುದು ಅಂದಿನಿಂದ.

ಆದರೆ ಅದಕ್ಕೂ ಮುಂಚೆ, ನಿಮ್ಮ ನಾಯಿ ಮದುವೆಗೆ ಬರಬೇಕಾದ ನಾಯಿಯೇ ಎಂಬುದನ್ನು ಮಮತೆ ಬದಿಗಿಟ್ಟು ನೋಡಬೇಕು. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ನಮಗೆ ಹಿತವಾದ ವಾದ್ಯ, ಧ್ವನಿವರ್ಧಕ, ಚಪ್ಪಾಳೆ ಅದಕ್ಕೂ ಹಿತವಾಗಿರುತ್ತವೆ ಎಂದು ಭಾವಿಸಲಾಗದು. ಪಟಾಕಿಗೆ ಮಂಚದ ಕೆಳಗೆ ಅಡಗುವ, ಅಪರಿಚಿತರು ಮನೆಗೆ ಬಂದರೆ ಗಂಟೆಗಟ್ಟಲೆ ಬೊಗಳುವ, ಅಥವಾ ಒಮ್ಮೆಯಾದರೂ ಯಾರಿಗಾದರೂ ಹಲ್ಲು ತೋರಿಸಿದ ನಾಯಿಯನ್ನು ಜನರ ನಡುವೆ ತರುವ ಬದಲು, ಮದುವೆಗೆ ಹೊರಡುವ ಮುಂಚೆ ಮನೆಯಲ್ಲೇ ಅದರೊಂದಿಗೆ ಅರ್ಧ ಗಂಟೆ ಕೂತು ಫೋಟೊ ತೆಗೆಸಿಕೊಳ್ಳುವುದು ಲೇಸು. ಜೊತೆಗೆ, ಸಮಾರಂಭ ನಡೆಯುವ ಜಾಗದವರು ನಾಯಿಗೆ ಒಪ್ಪಿಗೆ ಕೊಟ್ಟಿರುವುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನಲ್ಲಿ ಒಪ್ಪಿದವರು ಅಂದು ಕೆಲಸದಲ್ಲಿ ಇಲ್ಲದಿರಬಹುದು.

ಈ ಕೆಲಸಕ್ಕೆ ನಾಯಿ ತರಬೇತುದಾರರು ಸಿಗುತ್ತಾರೆ, ಸಾಕುಪ್ರಾಣಿಗಳನ್ನು ನೋಡಿಕೊಳ್ಳುವುದನ್ನೇ ವೃತ್ತಿಯಾಗಿಸಿಕೊಂಡವರು ಸಿಗುತ್ತಾರೆ. ಮದುವೆಗಳಿಗೆಂದೇ ನಾಯಿಗಳ ಜೊತೆ ಬರುವವರೂ ಕೆಲವೆಡೆ ಇದ್ದಾರೆ. ಹೆಸರು ಯಾವುದಾದರೂ ಇರಲಿ, ಆಯ್ಕೆ ಮಾಡುವ ಮುಂಚೆ ಅವರು ನಿಮ್ಮ ನಾಯಿಯನ್ನು ಭೇಟಿಯಾಗುವ ರೀತಿಯನ್ನು ಕಣ್ಣಾರೆ ನೋಡಿ. ಬಂದೊಡನೆ ಮೇಲಿನಿಂದ ಬಾಗಿ ತಲೆ ಸವರಲು ಕೈ ಚಾಚುವವರಿಗಿಂತ, ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ತಿರುಗಿ ಕುಕ್ಕರಗಾಲಿನಲ್ಲಿ ಕೂತು, ನಾಯಿ ತಾನಾಗಿ ಬಂದು ಮೂಸುವವರೆಗೆ ಸುಮ್ಮನಿರುವವರು ಕೆಲಸ ಬಲ್ಲವರು. ಜನಜಂಗುಳಿಯಲ್ಲಿ ನಾಯಿ ಹಿಡಿದ ಅನುಭವವಿದೆಯೇ, ಪ್ರಾಣಿಗಳ ಪ್ರಥಮ ಚಿಕಿತ್ಸೆ ಗೊತ್ತೇ, ಹೆದರಿದ ನಾಯಿಯನ್ನು ಹೇಗೆ ಸಮಾಧಾನಪಡಿಸುತ್ತಾರೆ ಎಂದು ಕೇಳಿ. ಕುತ್ತಿಗೆ ಬಿಗಿಯುವ ಸರಪಳಿ, ವಿದ್ಯುತ್ ಆಘಾತ ಕೊಡುವ ಕಾಲರ್ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ಮುಗಿಸಬಹುದು.

ಒಪ್ಪಂದವನ್ನು ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಬಿಡುತ್ತಾರೆ, ವಾಹನ ಯಾರದು, ಅವರಿಗೇ ಜ್ವರ ಬಂದರೆ ಬದಲಿ ಯಾರು, ನಾಯಿಯಿಂದ ಯಾರಿಗಾದರೂ ಗಾಯವಾದರೆ ವಿಮೆ ಇದೆಯೇ ಎಂಬುದೆಲ್ಲ ಅದರಲ್ಲಿರಲಿ. ತುರ್ತು ಸಂದರ್ಭದಲ್ಲಿ ನಿಮ್ಮನ್ನು ಕೇಳದೆಯೇ ಪಶುವೈದ್ಯರ ಬಳಿ ಒಯ್ದು ಚಿಕಿತ್ಸೆ ಕೊಡಿಸುವ ಅಧಿಕಾರವನ್ನೂ ಅವರಿಗೆ ಅದರಲ್ಲೇ ಕೊಟ್ಟುಬಿಡಿ. ಮದುವೆಗೆ ಮುಂಚೆ ಕನಿಷ್ಠ ಎರಡು ಮೂರು ಬಾರಿ ಅವರು ನಾಯಿಯನ್ನು ನೀವಿಲ್ಲದೆ ಒಬ್ಬರೇ ವಾಯುವಿಹಾರಕ್ಕೆ ಕರೆದೊಯ್ದಿರಬೇಕು. ಅಂದು ನಾಯಿ ಅವರನ್ನು ಹೊಸಬರೆಂದು ನೋಡಬಾರದು.

ಪಶುವೈದ್ಯರ ಭೇಟಿಯನ್ನು ಒಂದು ತಿಂಗಳ ಮುಂಚೆಯೇ ಮುಗಿಸಿ, ರೇಬೀಸ್ ಲಸಿಕೆಯ ದಾಖಲೆಯ ಪ್ರತಿಯೊಂದನ್ನು ಸಹಾಯಕರಿಗೆ ಕೊಡಿ. ನಾಯಿ ಶಾಂತವಾಗಿರಲೆಂದು ಯಾರೋ ಹೇಳಿದ ಮಾತ್ರೆಯನ್ನು ಅಂದೇ ಮೊದಲ ಬಾರಿ ಕೊಡುವುದು ದೊಡ್ಡ ತಪ್ಪು. ಅಸಿಪ್ರೊಮಜೀನ್‌ನಂತಹ ಔಷಧಿ ಮೈಯನ್ನು ಮಂಕಾಗಿಸುತ್ತದೆಯೇ ಹೊರತು ಭಯವನ್ನು ತಗ್ಗಿಸುತ್ತದೆ ಎಂಬ ಭರವಸೆಯಿಲ್ಲ. ನೋಡುವವರಿಗೆ ಶಾಂತವಾಗಿ ಕಂಡ ನಾಯಿ ಒಳಗೊಳಗೇ ಬೆದರಿರಬಹುದು. ವೈದ್ಯರೇ ಔಷಧಿ ಸೂಚಿಸಿದರೂ ಮನೆಯಲ್ಲಿ ಮೊದಲೊಮ್ಮೆ ಕೊಟ್ಟು ಪರಿಣಾಮ ನೋಡಿರಬೇಕು.

ತಾಲೀಮಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಚಾಪೆಯ ಪಾಠ. ಚಿಕ್ಕದೊಂದು ಚಾಪೆ ಹಾಸಿ, ನಾಯಿ ಅದರ ಮೇಲೆ ಮಲಗಿದಾಗಲೆಲ್ಲ ತಿನಿಸು ಕೊಡುತ್ತ, ದಿನಕ್ಕೆ ಐದೇ ನಿಮಿಷವಾದರೂ ನಾಲ್ಕಾರು ವಾರ ಬಿಡದೆ ಅಭ್ಯಾಸ ಮಾಡಿಸಿದರೆ, ಆ ಚಾಪೆಯನ್ನು ಎಲ್ಲಿ ಹಾಸಿದರೂ ಅದು ನಾಯಿಯ ಪಾಲಿಗೆ ತನ್ನದೇ ಜಾಗವಾಗುತ್ತದೆ. ವಾದ್ಯ ಮತ್ತು ಜನರ ಗದ್ದಲದ ಧ್ವನಿಮುದ್ರಿಕೆಯನ್ನು ಮೊದಲು ಸಣ್ಣ ದನಿಯಲ್ಲಿ, ದಿನಗಳೆದಂತೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಕೇಳಿಸಿ. ಉಡುಪು ಅಥವಾ ಕುತ್ತಿಗೆಯ ಪಟ್ಟಿ ಹೊಸದಾದರೆ ಅದನ್ನೂ ಮೊದಲೇ ಹಲವು ಬಾರಿ ತೊಡಿಸಿ ರೂಢಿ ಮಾಡಿಸಿ. ಉಂಗುರವನ್ನು ನಾಯಿಯ ಕುತ್ತಿಗೆಗೆ ಕಟ್ಟಿ ತರಿಸುವ ಆಸೆಯಿದ್ದರೆ ಕಟ್ಟುವುದು ನಕಲಿಯಾಗಿರಲಿ, ಅಸಲಿ ನಂಬಿಕಸ್ಥರೊಬ್ಬರ ಜೇಬಿನಲ್ಲಿರಲಿ.

ಮದುವೆಯ ದಿನ ನಾಯಿಯ ಹಾಜರಿ ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ಒಂದು ಗಂಟೆ ಧಾರಾಳವಾಯಿತು. ಊಟವನ್ನು ಎರಡು ಮೂರು ಗಂಟೆ ಮುಂಚೆ ಮುಗಿಸಿ, ಚೆನ್ನಾಗಿ ನಡೆದಾಡಿಸಿ, ಒಳಗೆ ಬರುವ ಮುನ್ನ ಮಲಮೂತ್ರಕ್ಕೆ ಬಿಟ್ಟು ಕರೆತರಬೇಕು. ಫೋಟೊಗಳನ್ನು ಮೊದಲ ಹದಿನೈದು ನಿಮಿಷದಲ್ಲೇ ತೆಗೆಸಿಬಿಡಿ. ಛಾಯಾಗ್ರಾಹಕರು ಫ್ಲ್ಯಾಷ್ ಇಲ್ಲದೆ, ನಾಯಿಯ ಕಣ್ಣಿನ ಮಟ್ಟಕ್ಕೆ ಕೂತು ತೆಗೆದರೆ ಚಿತ್ರವೂ ಚೆನ್ನಾಗಿ ಬರುತ್ತದೆ, ನಾಯಿಯೂ ಬೆಚ್ಚುವುದಿಲ್ಲ. ನಾಯಿಗಳು ಮೈತುಂಬ ಬೆವರದೆ ಮುಖ್ಯವಾಗಿ ಏದುಸಿರಿನಿಂದಲೇ ಮೈಯನ್ನು ತಂಪಾಗಿಸಿಕೊಳ್ಳುವುದರಿಂದ, ಬಿಸಿಲಿನ ಹೊತ್ತಿನಲ್ಲಿ, ಅದರಲ್ಲೂ ಪಗ್, ಬುಲ್‌ಡಾಗ್‌ನಂತಹ ಚಪ್ಪಟೆ ಮೂತಿಯ ತಳಿಗಳಿಗೆ, ನೆರಳು ಮತ್ತು ನೀರು ಇಲ್ಲದಿದ್ದರೆ ಆಗದು. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಅದನ್ನು ಕೂಡಿಹಾಕಬೇಡಿ: ಹೊರಗೆ 24 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ ಕಾರಿನ ಒಳಗೆ 10 ನಿಮಿಷದಲ್ಲಿ ಸುಮಾರು 34, ಅರ್ಧ ಗಂಟೆಯಲ್ಲಿ ಸುಮಾರು 43 ಡಿಗ್ರಿ ಆಗಬಹುದು.

ನಾಯಿಗೆ ಸಾಕಾಗಿದೆ ಎಂಬುದು ಬೊಗಳುವುದಕ್ಕಿಂತ ಬಹಳ ಮೊದಲೇ ತಿಳಿಯುತ್ತದೆ. ಅತಿಥಿಗಳು ಸುತ್ತ ನೆರೆದು ಮುದ್ದಿಸುತ್ತಿರುವಾಗ ಅದು ಆಕಳಿಸುತ್ತದೆ, ಎಲ್ಲರೂ ನಕ್ಕು “ಪಾಪ, ನಿದ್ದೆ ಬಂದಿದೆ” ಎನ್ನುತ್ತಾರೆ. ಅದು ನಿದ್ದೆಯ ಆಕಳಿಕೆ ಅಲ್ಲದಿರಬಹುದು. ಬಾಯಲ್ಲಿ ಏನೂ ಇಲ್ಲದಿದ್ದರೂ ಮೂಗು ತುಟಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ನೋಡುವುದು, ಬಾಲ ಮುದುರುವುದು, ಇಷ್ಟದ ತಿನಿಸನ್ನೂ ಬೇಡವೆನ್ನುವುದು ಇವೆಲ್ಲ ಒತ್ತಡದ ಗುರುತುಗಳು. ಇವು ಕಂಡಾಗ ಯಾರ ಅನುಮತಿಗೂ ಕಾಯದೆ ನಾಯಿಯನ್ನು ಹೊರಗೆ ಕರೆದೊಯ್ಯುವ ಸ್ವಾತಂತ್ರ್ಯ ಸಹಾಯಕರಿಗಿರಬೇಕು. ನಾಯಿಗೆ ಏನನ್ನೂ ತಿನ್ನಿಸಬಾರದೆಂದು ಅತಿಥಿಗಳಿಗೆ, ಮುಖ್ಯವಾಗಿ ಮಕ್ಕಳಿಗೆ, ಮೊದಲೇ ಹೇಳಿಸಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿ ಇರುವ ಜೈಲಿಟಾಲ್ ಇವೆಲ್ಲ ನಾಯಿಗೆ ವಿಷ. ಅಲಂಕಾರದ ಹೂಗಳಲ್ಲಿ ಕಣಗಿಲೆ ಇದ್ದರೆ ಅದು ನಾಯಿಯ ಬಾಯಿಗೆ ಎಟುಕದಂತಿರಲಿ.

ಹೊರಡುವ ಹೊತ್ತು ಬಂದಾಗ ವಧೂವರರು ಬೀಳ್ಕೊಡಲು ಎದ್ದು ಹೋಗುವ ಅಗತ್ಯವಿಲ್ಲ. ಹಾಗೆ ಮಾಡಿದರೆ ನಾಯಿ ಹೊರಡಲು ಒಪ್ಪದೇ ಹೋಗಬಹುದು. ಮನೆಯ ಬೀಗದ ಕೈ, ನೀರಿನ ಬಟ್ಟಲು, ಅದರ ಹಳೆಯ ಹೊದಿಕೆ ಎಲ್ಲವನ್ನೂ ಹಿಂದಿನ ದಿನವೇ ಸಹಾಯಕರಿಗೆ ಒಪ್ಪಿಸಿರಿ. ಮನೆ ಸೇರಿದೊಡನೆ ಒಂದು ಫೋಟೊ ಕಳುಹಿಸಲು ಹೇಳಿ, ಆದರೆ ನಿಮ್ಮ ಫೋನಿಗಲ್ಲ: ಅಂದು ಅದು ಯಾರ ಚೀಲದಲ್ಲಿರುತ್ತದೋ ನಿಮಗೇ ತಿಳಿದಿರುವುದಿಲ್ಲ. ನಿಮ್ಮ ಪಕ್ಕದಲ್ಲೇ ಇರುವ ಒಬ್ಬರ ಫೋನಿಗೆ ಬಂದರೆ, ಹೊದಿಕೆಯ ಮೇಲೆ ಕಾಲು ಚಾಚಿ ಮಲಗಿದ ನಾಯಿಯನ್ನು ಅವರು ನಿಮಗೆ ಅಲ್ಲೇ ತೋರಿಸುತ್ತಾರೆ.