ಬಾಡಿಗೆ ಬಾಕಿ ವಸೂಲಾಯಿತು, ಮನೆಯೂ ಖಾಲಿಯಾಯಿತು: ನನ್ನ ಅನುಭವ

ಬೆಂಗಳೂರಿನ ನಮ್ಮ ಮನೆಯ ಮೊದಲ ಮಹಡಿಯವರು ಬಾಡಿಗೆ ನಿಲ್ಲಿಸಿದರು. ಕೇಳಿದರೆ "ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಸಾರ್" ಅನ್ನೋರು. ಅದೂ ಮುಗಿದ ಮೇಲೆ ಫೋನೇ ಎತ್ತಲಿಲ್ಲ. ನೀರು ನಿಲ್ಲಿಸಿ ಬೀಗ ಜಡಿಯಿರಿ ಎಂದು ನೆಂಟರೆಲ್ಲ ಹೇಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬಲವಂತವಾಗಿ ಹೊರಹಾಕಿದರೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು.

ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ವಾಸದ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮ 11 ತಿಂಗಳ ಕರಾರೂ ಮುಗಿದಿತ್ತು. ಹಾಗಾಗಿ ವಕೀಲರು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ಮನೆ ಖಾಲಿ ಮಾಡಿ ಎಂದು 15 ದಿನಗಳ ನೋಟಿಸ್ ಕಳಿಸಿದರು. ತಲುಪಿದ ರಸೀದಿಯನ್ನು ಜೋಪಾನ ಮಾಡಿ, ಕೋರ್ಟಿನಲ್ಲಿ ಮೊದಲು ಕೇಳುವುದೇ ಅದನ್ನು.

ನೋಟಿಸ್ ಸಿಕ್ಕಿದ್ದೇ ತಡ, ಒಂದು ತಿಂಗಳ ಬಾಡಿಗೆ ನನ್ನ ಖಾತೆಗೆ ಬಂತು. ಸುಮ್ಮನೆ ಇಟ್ಟುಕೊಂಡರೆ ನೋಟಿಸ್ ಬಿಟ್ಟುಕೊಟ್ಟಂತೆ ಎಂದು ಅವರು ವಾದಿಸಬಹುದಿತ್ತು. "ಇದು ಹಳೇ ಬಾಕಿಗೆ ಜಮಾ, ನೋಟಿಸ್ ಹಿಂಪಡೆದಿಲ್ಲ" ಎಂದು ವಕೀಲರು ಅಂದೇ ಬರೆಸಿದರು. ಇಡೀ ಪ್ರಕರಣದಲ್ಲಿ ನನ್ನನ್ನು ಕಾಪಾಡಿದ್ದು ಈ ಸಾಲು.

ಆಮೇಲೆ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ (ಸಣ್ಣ ವ್ಯಾಜ್ಯಗಳ ನ್ಯಾಯಾಲಯ) ದಾವೆ: ಮನೆ ಖಾಲಿ, ಬಾಕಿ, ಖಾಲಿ ಮಾಡುವವರೆಗಿನ ನಷ್ಟ, ಮೂರೂ ಒಂದೇ ಅರ್ಜಿಯಲ್ಲಿ. ಮೂರು ವರ್ಷಕ್ಕಿಂತ ಹಳೆಯ ಬಾಕಿ ಕೇಳಲಾಗದು, ತಡಮಾಡಬೇಡಿ. ಪಾಸ್‌ಬುಕ್ ನಮೂದುಗಳೇ ಸಾಕ್ಷಿಯಾದವು.

ಮಧ್ಯಸ್ಥಿಕೆಯಲ್ಲಿ ಅವರು ಬಾಕಿಯನ್ನು ಕಂತಿನಲ್ಲಿ ಕಟ್ಟಿ ಮನೆ ಖಾಲಿ ಮಾಡಲು ಒಪ್ಪಿದರು. ಬಾಯಿಮಾತಿಗೆ ಬಿಡದೆ ರಾಜಿ ಡಿಕ್ರಿ, ಅಂದರೆ ರಾಜಿಯ ಷರತ್ತುಗಳಂತೆ ಕೋರ್ಟಿನ ತೀರ್ಪು, ಮಾಡಿಸಿಕೊಂಡೆವು. ಕಂತು ತಪ್ಪಿದರೆ ಹೊಸ ದಾವೆ ಬೇಡ, ನೇರವಾಗಿ ಜಾರಿ ಅರ್ಜಿ ಹಾಕಬಹುದು. ಕೊನೆಯ ಕಂತು ಬಂದ ದಿನವೇ ಮೀಟರ್ ರೀಡಿಂಗ್ ಬರೆದು, ಇಬ್ಬರೂ ಸಹಿ ಹಾಕಿ, ಬೀಗದ ಕೈ ತೆಗೆದುಕೊಂಡೆ.