ಮಾಳಿಗೆಗೆ ಮಣ್ಣು ಹಾಕಿದ ಐದು ಬೇಸಿಗೆಗಳು

ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಸಮೀಪದಲ್ಲಿರುವ ನಮ್ಮೂರಿನ ವಾಡೆಯ, ಅಂದರೆ ನಮ್ಮ ಮನೆತನದ ಹಳೆಯ ದೊಡ್ಡ ಮನೆಯ, ದುರಸ್ತಿಗೆ ನಾನು ಕೈ ಹಾಕಿದ್ದು ಐದು ಬೇಸಿಗೆಗಳ ಹಿಂದೆ. ಆಗ ಒಳ ಪಡಸಾಲೆಯ ಈಶಾನ್ಯ ಮೂಲೆಯಲ್ಲಿ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಕುಸಿದು, ಬಿದ್ದ ಮಣ್ಣಿನ ಗುಡ್ಡೆಯ ಮೇಲೆ ಎದೆಯೆತ್ತರದ ಬೇವಿನ ಗಿಡ ಬೆಳೆದು ನಿಂತಿತ್ತು. ನಾನು ಸಿವಿಲ್ ಎಂಜಿನಿಯರ್. ಇಪ್ಪತ್ತೆರಡು ವರ್ಷ ಸಿಮೆಂಟು, ಕಬ್ಬಿಣಗಳ ಲೆಕ್ಕ ಹಾಕಿದವಳು. ಅದೇ ಲೆಕ್ಕದಿಂದ ನಮ್ಮ ಮುತ್ತಜ್ಜನ ವಾಡೆಯನ್ನೂ ಉಳಿಸಬಹುದೆಂದು ನಂಬಿದ್ದೆ.

ನಮ್ಮ ಭಾಗದ ವಾಡೆಗಳನ್ನು ಬರಿಯ ದೊಡ್ಡ ಮನೆಗಳೆಂದು ನೋಡಿದರೆ ಅವುಗಳ ರಚನೆ ಅರ್ಥವಾಗುವುದಿಲ್ಲ. ಆದಿಲಶಾಹಿಯ ಕಾಲದಿಂದ ಪೇಶವೆಗಳ ಕಾಲದವರೆಗೆ ಪರಗಣೆಯ, ಅಂದರೆ ಹಲವು ಊರುಗಳ ಒಂದು ಗುಂಪಿನ, ಕಂದಾಯ ವಸೂಲಿಯ ಹೊಣೆ ದೇಸಾಯಿ, ದೇಶಪಾಂಡೆ, ನಾಡಗೌಡರಂಥ ಮನೆತನಗಳ ಮೇಲಿತ್ತು; ಅದಕ್ಕೆ ಪ್ರತಿಯಾಗಿ ಅವರು ಹುದ್ದೆಯೊಂದಿಗೆ ವಂಶಪಾರಂಪರ್ಯವಾಗಿ ಬರುವ ವತನ ಮತ್ತು ಕೊಡುಗೆಯಾಗಿ ದೊರೆತ ಇನಾಮು ಭೂಮಿಗಳನ್ನು ಅನುಭವಿಸುತ್ತಿದ್ದರು. ಆದ್ದರಿಂದ ವಾಡೆಯು ಕಚೇರಿಯೂ ಆಗಿತ್ತು, ಕಣಜವೂ ಆಗಿತ್ತು, ದಂಡು ದಾಳಿಯ ಹೊತ್ತಿಗೆ ಕೋಟೆಯೂ ಆಗಬೇಕಿತ್ತು. ನಮ್ಮ ಅಗಸಿಯ ಬಾಗಿಲಿನೊಳಗೆ ಒಬ್ಬರೇ ಬಾಗಿ ದಾಟಬೇಕಾದ ದಿಡ್ಡಿ ಬಾಗಿಲಿದೆ. ಅದನ್ನು ದಾಟಿದರೆ ಹೊರ ಅಂಗಳ, ಎದುರಿಗೆ ಲೆಕ್ಕ ಬರೆಯುವವರು ಕೂಡುತ್ತಿದ್ದ ಕಚೇರಿ ಪಡಸಾಲೆ, ಅಂಗಳದ ನೆಲದಡಿಯಲ್ಲಿ ಜೋಳ ತುಂಬುವ ಹಗೇವುಗಳು. ಹೆಂಗಸರ ಅಡ್ಡಾಟ, ಅಡುಗೆಮನೆ, ದೇವರ ಕೋಣೆ ಎಲ್ಲವೂ ಎರಡನೆಯ ಅಂಗಳದ ಸುತ್ತ. ಹಿಂದಿನ ಮೂಲೆಯಲ್ಲಿ ಹುಡೇವು, ಅಂದರೆ ಕಾವಲಿನ ಬುರುಜು. ಅದರ ಗೋಡೆಯಲ್ಲಿ ಬಂದೂಕಿನ ಕಿಂಡಿಗಳು ಇಂದಿಗೂ ಇವೆ.

ಇಂಥ ಕಟ್ಟಡ ನಿಲ್ಲುತ್ತಿದ್ದದ್ದು ಕಲ್ಲಿನ ಬಲದಿಂದ ಎಂದು ಹೊರಗಿನಿಂದ ನೋಡುವವರಿಗೆ ಅನ್ನಿಸುತ್ತದೆ. ಆದರೆ ಮೂರೂವರೆ ಅಡಿ ದಪ್ಪದ ನಮ್ಮ ಗೋಡೆಗಳ ಒಳಹೊಟ್ಟೆಯಲ್ಲಿರುವುದು ಕಲ್ಲುಚೂರು ಮತ್ತು ಮಣ್ಣು. ಮಾಳಿಗೆ ಸೋರಿ ಆ ಮಣ್ಣಿಗೆ ನೀರು ಇಳಿದರೆ ಗೋಡೆ ಹೊಟ್ಟೆ ಬಿಟ್ಟು ಕುಸಿಯುತ್ತದೆ. ಅದಕ್ಕಾಗಿ ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಬೀಳಬೇಕು. ದೇಸಗತಿ, ಅಂದರೆ ದೇಸಾಯಿಗಳ ಅಧಿಕಾರ, ನಡೆಯುತ್ತಿದ್ದಾಗ ಚಕ್ಕಡಿಗಳೂ ಆಳುಗಳೂ ತಾವಾಗಿಯೇ ಬರುತ್ತಿದ್ದರು. ಬ್ರಿಟಿಷರ 1852ರ ಇನಾಮು ಕಮಿಷನ್ ಈ ಭೂಮಿಗಳ ಹಕ್ಕುಪತ್ರಗಳನ್ನು ಕೆದಕಿದಾಗ ಆರಂಭವಾದ ಇಳಿಕೆ, ಮುಂಬಯಿ ಸರಕಾರದ 1950ರ ಕಾಯ್ದೆಯಿಂದ ಪರಗಣಾ ವತನಗಳು ರದ್ದಾಗಿ, 1974ರ ಭೂಸುಧಾರಣೆಯಲ್ಲಿ ಉಳುವವರಿಗೆ ಹೊಲಗಳು ದಕ್ಕುವುದರೊಂದಿಗೆ ಮುಗಿಯಿತು. ಆ ಬದಲಾವಣೆ ಆಗಬೇಕಾದದ್ದೇ ಆಗಿತ್ತು ಎಂದು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅಂದಿನಿಂದ ಮಾಳಿಗೆಗೆ ಮಣ್ಣು ಹಾಕುವವರಿಲ್ಲದಾದರು. ಕಿತ್ತೂರಿನ ಕೋಟೆಯೊಳಗಿನ ಅರಮನೆಯನ್ನು ಕೆಡವಿದ್ದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ. ನಮ್ಮಂಥ ಊರುಗಳ ವಾಡೆಗಳನ್ನು ಕೆಡವಿದ್ದು ಸೋರಿಕೆ. ಸಂತಾನವಿಲ್ಲದ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಅಂಥ ದೂರದೃಷ್ಟಿ ಎಲ್ಲ ಮನೆತನಗಳಲ್ಲಿ ಇರಲಿಲ್ಲ. ನಮ್ಮಲ್ಲಂತೂ ಒಂದು ವಾಡೆಗೆ ಹನ್ನೊಂದು ಪಾಲುದಾರರಿದ್ದರು. ಅವರೆಲ್ಲರ ಒಪ್ಪಿಗೆ ಪಡೆಯಲು ಒಂದೂವರೆ ವರ್ಷ ಹಿಡಿಯಿತು.

ಮೊದಲ ಬೇಸಿಗೆಯಲ್ಲಿ ನಾನು ಕುಸಿದ ಭಾಗವನ್ನು ಬಿಟ್ಟು ಉಳಿದ ಮಾಳಿಗೆಯ ಮೇಲೆ ಎರಡು ಇಂಚು ಸಿಮೆಂಟು ಕಾಂಕ್ರೀಟು ಹಾಕಿಸಿದೆ. ಮಳೆಗಾಲದಲ್ಲಿ ಒಂದು ಹನಿಯೂ ಸೋರಲಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಮಾತ್ರ ಮಾಳಿಗೆಯನ್ನು ಹೊತ್ತ ಅಡ್ಡಮರಗಳಾದ ಜಂತಿಗಳ ಮೇಲೆ ಬಿಳಿಯ ಬೂಷ್ಟು ಹಬ್ಬಿತ್ತು. ಹಿರಿಯ ಗೌಂಡಿಯೊಬ್ಬರು ಏಣಿ ಹತ್ತಿ ತಮ್ಮ ಚಾಕುವನ್ನು ಒಂದು ಜಂತಿಗೆ ಚುಚ್ಚಿದರು. ಅದು ಬೆಣ್ಣೆಯಲ್ಲಿ ಇಳಿದಂತೆ ಎರಡು ಬೆರಳು ಒಳಗೆ ಹೋಯಿತು. "ಅಕ್ಕಾರ, ಕಟಗಿಗೆ ಉಸರಾಡಾಕ ಜಾಗಾ ಇಲ್ದಂಗ ಮಾಡೀರಿ. ಗ್ವಾಡಿಯೊಳಗಿನ ಹಸಿ ಎಲ್ಲಿಗೆ ಹೋಗಬೇಕ್ರಿ?" ಎಂದರು. ಗೋಡೆಯಿಂದ ಮೇಲೇರುವ ತೇವವನ್ನು ಮಣ್ಣು ಆರಗೊಡುತ್ತದೆ, ಸಿಮೆಂಟು ತಡೆದು ಕಟ್ಟಿಗೆಯಲ್ಲೇ ನಿಲ್ಲಿಸುತ್ತದೆ. ಮರುಬೇಸಿಗೆಯಲ್ಲಿ ಇಡೀ ಕಾಂಕ್ರೀಟನ್ನು ಒಡೆಸಿ ತೆಗೆಸಿದೆ.

ಆಮೇಲಿನ ಕೆಲಸವನ್ನು ಆ ಗೌಂಡಿಯವರ ಮಾತಿನಂತೆಯೇ ಮಾಡಿದೆ. ಮುರಿದ ತೊಲೆಗಳಿಗೆ ಬದಲಾಗಿ ಬಾಗಲಕೋಟೆಯ ಮುಳುಗಡೆ ಮನೆಗಳಿಂದ ಬಿಚ್ಚಿದ್ದ ಹಳೆಯ ಸಾಗವಾನಿ ಕೊಂಡೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರ ಕಂಬ, ಬಾಗಿಲುಗಳು ಎಷ್ಟೋ ವರ್ಷಗಳಿಂದ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ತೊಲೆಗಳ ಮೇಲೆ ಗೇಣಿಗೊಂದರಂತೆ ಜಂತಿ, ಜಂತಿಗಳ ಮೇಲೆ ಒತ್ತಾಗಿ ಸೀಳು ಕಟ್ಟಿಗೆ, ಅದರ ಮೇಲೆ ಹುಳು ಹತ್ತದಂತೆ ಬೇವಿನ ತಪ್ಪಲು, ಹೊಟ್ಟು ಕಲಸಿ ತುಳಿದ ಕೆಸರು, ಒಂದು ಅಡಿ ಒಣಮಣ್ಣು, ಕೊನೆಗೆ ನಾಲ್ಕು ಬೆರಳು ಸವಳು ಮಣ್ಣು. ಇಡೀ ಮಾಳಿಗೆಯ ಗುಟ್ಟು ಈ ಕೊನೆಯ ಪದರದಲ್ಲಿದೆ. ಸವಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು; ಮಳೆನೀರು ತಾಗಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ತಾವೇ ಮುಚ್ಚಿಬಿಡುತ್ತವೆ. ಹೊಲವನ್ನು ಬಂಜರು ಮಾಡುವ ಈ ಗುಣವೇ ಮಾಳಿಗೆಯನ್ನು ಕಾಯುತ್ತದೆ. ಅತಿ ನೀರಾವರಿಯಿಂದ ಸವಳಾದ ಹೊಲಗಳು ಸುತ್ತಲೂ ಇರುವುದರಿಂದ ಮಣ್ಣಿಗೆ ಕೊರತೆಯಾಗಲಿಲ್ಲ. ಗೋಡೆಗಳ ಸಂದಿಗೆ ಮೂರು ವಾರ ನೀರಿನಲ್ಲಿ ಕೊಳೆಹಾಕಿದ ಸುಣ್ಣವನ್ನು ಮರಳಿನೊಂದಿಗೆ ಅರೆದು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ಗಚ್ಚು ಮಾಡಿಸಿದೆವು.

ಯಾವ ಹೊಲದ ಸವಳು ಒಳ್ಳೆಯದು ಎಂಬುದನ್ನು ಆರಿಸಿಕೊಟ್ಟವರು ಊರಿನ ಎಂಬತ್ತು ದಾಟಿದ ಹಿರಿಯರೊಬ್ಬರು. ಚಿಟಿಕೆ ಮಣ್ಣನ್ನು ನಾಲಿಗೆಯ ತುದಿಗೆ ಇಟ್ಟು, ಉಗುಳಿ, ಬೇಕು ಬೇಡ ಹೇಳುತ್ತಿದ್ದರು. ಟ್ರಾಕ್ಟರಿನ ಜೊತೆಗೆ ವಾಡೆಯವರೆಗೂ ಬಂದವರು ಅಂಗಳದಲ್ಲೇ ನಿಂತರು. "ಯಜ್ಜಾ, ಒಳಗ ಬರ್ರಿ, ಚಾ ಕುಡೀರಿ" ಎಂದೆ. "ಇಲ್ಲೇ ಕುಂದರತೀನಿ ತಾಯಿ. ನಮ್ಮಪ್ಪ ಈ ಮಾಳಗಿ ಮ್ಯಾಲ ವರ್ಷಾ ಮಣ್ಣ ಹೊತ್ತಾನ, ಪಡಸಾಲ್ಯಾಗ ಒಮ್ಮೇನೂ ಕಾಲಿಟ್ಟಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ. ವಾಡೆಯ ಚೆಲುವನ್ನು ಹೇಳುವಾಗ ಆ ಕೂಲಿಯನ್ನೂ, ಕೂಲಿಯಿಲ್ಲದೆ ಮಾಡಿದ ಬಿಟ್ಟಿಯನ್ನೂ ಹೇಳಲೇಬೇಕು. ಮರುದಿನ ನಾವು ಚಾ ತಟ್ಟೆಗಳನ್ನು ಅಂಗಳಕ್ಕೇ ತಂದು ಅವರ ಪಕ್ಕದಲ್ಲಿ ಕುಳಿತೆವು. ಕಚೇರಿ ಪಡಸಾಲೆಯನ್ನು ಸಂಜೆಯ ಹೊತ್ತು ಊರಿನ ಮಕ್ಕಳ ಓದಿಗೆ ಬಿಟ್ಟುಕೊಟ್ಟ ಮೇಲೆ, ಮೊಮ್ಮಗಳನ್ನು ಕರೆದೊಯ್ಯುವ ನೆಪದಲ್ಲಿ ಅವರೂ ಮೆಟ್ಟಿಲು ಹತ್ತಿದರು.

ಆ ಪಡಸಾಲೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ, ಅಂಗಳದಲ್ಲಿ 41 ಡಿಗ್ರಿ ಇದ್ದಾಗ, ನನ್ನ ಉಷ್ಣಮಾಪಕ 31 ತೋರಿಸಿತು. ಬೆಳಕಿಂಡಿಯಿಂದ ಇಳಿಯುವ ಬಿಸಿಲಿನ ಬಿಲ್ಲೆ ಬೆಳಿಗ್ಗೆ ಪಡುವಣ ಗೋಡೆಯ ಮೇಲಿರುತ್ತದೆ, ಮೆಲ್ಲಗೆ ಕೆಳಗಿಳಿದು ನೆಲಕ್ಕೆ ಬರುತ್ತದೆ. ಮೂರನೆಯ ಕಂಬದ ಬುಡಕ್ಕೆ ತಲುಪಿದರೆ ಊಟದ ಹೊತ್ತಾಯಿತೆಂದು ನಮ್ಮ ಅಜ್ಜಿ ಎದ್ದು ರೊಟ್ಟಿಯ ಬುಟ್ಟಿ ತೆರೆಯುತ್ತಿದ್ದರು. ಮಾಳಿಗೆಯನ್ನು ಮತ್ತೆ ಕಟ್ಟುವಾಗ ಬೆಳಕಿಂಡಿಯನ್ನು ಒಂದು ಗೇಣೂ ಸರಿಸದಂತೆ ನಾನು ಹಟ ಹಿಡಿದದ್ದು ಅದಕ್ಕೇ.

ಈ ವರ್ಷ ರೋಹಿಣಿ ಮಳೆಗೆ ಮುಂಚೆ ಹದಿನಾಲ್ಕು ಟ್ರಾಕ್ಟರು ಮಣ್ಣು ಏರಿಸಿದೆವು. ಮೊದಲ ದೊಡ್ಡ ಮಳೆ ರಾತ್ರಿ ಹನ್ನೊಂದಕ್ಕೆ ಬಂತು. ನಾನು ಬ್ಯಾಟರಿ ಹಿಡಿದು ಬೇವಿನ ಗಿಡವಿದ್ದ ಮೂಲೆಯಲ್ಲಿ ಬೆಳಗಿನವರೆಗೆ ಕುಳಿತೆ. ಎರಡು ಕಡೆ ಹನಿ ಬಿತ್ತು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದೆ. ನಸುಕಿನಲ್ಲಿ ಗೌಂಡಿಯವರು ಆ ಗುರುತುಗಳನ್ನು ನೋಡಿ, ಹೆಜ್ಜೆ ಎಣಿಸಿಕೊಂಡು, ಒಂದು ಬುಟ್ಟಿ ಸವಳು ಹೊತ್ತು ಮಾಳಿಗೆ ಹತ್ತಿದರು.