ಬ್ರಿಟನ್‌ನ ಬೆಲೆಯೇರಿಕೆ: ಯಾವ ಬಿಲ್ಲು ಯಾವಾಗ, ಯಾವ ಲೆಕ್ಕದಲ್ಲಿ ಏರುತ್ತದೆ

ಕೊಡಗಿನ ಕಾಫಿ ತೋಟದ ಮನೆಯಲ್ಲಿ ಬೆಳೆದವರಿಗೆ ಲಂಡನ್ ಅಂದರೆ ಮೊದಲು ನೆನಪಾಗುವುದು ಟರ್ಮಿನಲ್ ದರ. ರೊಬಸ್ಟಾ ಕಾಫಿಯ ವಾಯಿದಾ ವಹಿವಾಟು ನಡೆಯುವುದು ಅಲ್ಲಿ; ಒಂದು ಲಾಟ್ ಅಂದರೆ 10 ಟನ್, ದರ ಡಾಲರ್‌ನಲ್ಲಿ. ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟ ವರ್ಷ, 2024ರ ಸೆಪ್ಟೆಂಬರ್‌ನಲ್ಲಿ, ಅದು ಟನ್ನಿಗೆ 5,000 ಡಾಲರ್ ಮೀರಿತ್ತು. ಗೋಣಿಕೊಪ್ಪದಲ್ಲಿ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರುವ ಅಪ್ಪನಿಗೆ ಅದು ಲಾಭ. ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್ ಕೆಲಸದಲ್ಲಿರುವ ಮಗಳಿಗೆ ಅದೇ ಏರಿಕೆ ತಿಂಗಳುಗಳ ನಂತರ ಇನ್‌ಸ್ಟಂಟ್ ಕಾಫಿ ಬಾಟಲಿಯ ಮೇಲೆ ಕಾಣಿಸಿಕೊಳ್ಳುತ್ತದೆ.

ಚೆರಿ ಮಾರಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು. ಬೋರ್ಡಿನ ಮೇಲೆ ದರ ಎಷ್ಟೇ ಬರೆದಿರಲಿ, ಕೈಗೆ ಬರುವ ಹಣ ನಿಲ್ಲುವುದು ಔಟ್‌ಟರ್ನ್ ಮೇಲೆ. 50 ಕೆ.ಜಿ. ಚೀಲದಲ್ಲಿ 28 ಕೆ.ಜಿ. ಬೀಜ ಬಿದ್ದವರಿಗೂ 25 ಬಿದ್ದವರಿಗೂ ಒಂದೇ ಹಣ ಸಿಗುವುದಿಲ್ಲ. ಬ್ರಿಟನ್‌ನ ಹಣದುಬ್ಬರದ ಸಂಖ್ಯೆಯೂ ಬೋರ್ಡಿನ ದರದ ಹಾಗೆಯೇ. ನಿಮ್ಮ ಮನೆಯ ಔಟ್‌ಟರ್ನ್ ಬೇರೆ ಇರುತ್ತದೆ, ಅದನ್ನು ನೀವೇ ತೆಗೆಯಬೇಕು.

ಸಂಖ್ಯೆ ಎಲ್ಲಿಂದ ಬರುತ್ತದೆ

ಒಎನ್‌ಎಸ್ ಎಂದು ಕರೆಯುವ ರಾಷ್ಟ್ರೀಯ ಅಂಕಿಅಂಶ ಕಚೇರಿ ಹಿಂದಿನ ತಿಂಗಳ ಅಂಕಿಯನ್ನು ಸಾಮಾನ್ಯವಾಗಿ ತಿಂಗಳ ನಡುವಿನ ಒಂದು ಬುಧವಾರ ಬೆಳಿಗ್ಗೆ 7 ಗಂಟೆಗೆ ಪ್ರಕಟಿಸುತ್ತದೆ. 700ಕ್ಕೂ ಹೆಚ್ಚು ಸರಕು-ಸೇವೆಗಳ ಒಂದು ಬುಟ್ಟಿ ಇಟ್ಟುಕೊಂಡು, ಒಂದು ವರ್ಷದ ಹಿಂದೆ ಅದಕ್ಕೆ ಎಷ್ಟಾಗುತ್ತಿತ್ತು, ಈಗ ಎಷ್ಟು ಎಂದು ನೋಡುತ್ತಾರೆ. ಬುಟ್ಟಿಯನ್ನು ವರ್ಷಕ್ಕೊಮ್ಮೆ ಬದಲಿಸುತ್ತಾರೆ. 2024ರಲ್ಲಿ ಏರ್ ಫ್ರೈಯರ್ ಒಳಬಂತು, ಕೋವಿಡ್ ಕಾಲದ ಹ್ಯಾಂಡ್ ಸ್ಯಾನಿಟೈಸರ್ ಹೊರಹೋಯಿತು.

ಬುಟ್ಟಿಯಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದು ಮುಖ್ಯ. ಬ್ರಿಟನ್‌ನ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ, ಅಂದರೆ ಸಿಪಿಐನಲ್ಲಿ, ಆಹಾರಕ್ಕೆ ನೂರರಲ್ಲಿ ಸುಮಾರು 11 ಪಾಲು. 2012ನ್ನು ಆಧಾರವರ್ಷವಾಗಿಟ್ಟ ಭಾರತದ ಸೂಚ್ಯಂಕದಲ್ಲಿ ಅದು 46ರ ಹತ್ತಿರ ಇತ್ತು. ಊರಲ್ಲಿ ಈರುಳ್ಳಿ ಏರಿದರೆ ಹಣದುಬ್ಬರವೇ ಏರುತ್ತಿತ್ತು, ಇಲ್ಲಿ ಹಾಗಲ್ಲ. 2023ರ ಮಾರ್ಚ್‌ನಲ್ಲಿ ಆಹಾರದ ಬೆಲೆ ಒಂದು ವರ್ಷದಲ್ಲಿ ಶೇ 19 ದಾಟಿ ಏರಿದಾಗಲೂ ಒಟ್ಟು ಸಂಖ್ಯೆ ಶೇ 10ರ ಆಸುಪಾಸಿನಲ್ಲೇ ಇತ್ತು. ಬಾಡಿಗೆ ಮತ್ತು ದಿನಸಿಯಲ್ಲೇ ಸಂಬಳ ಮುಗಿಯುವವರಿಗೆ ಅಂಥ ವರ್ಷ ಸುದ್ದಿಯ ಸಂಖ್ಯೆ ಸುಳ್ಳೆನಿಸುವುದು ಸಹಜ. ಸಂಖ್ಯೆ ಸುಳ್ಳಲ್ಲ, ಬುಟ್ಟಿ ನಿಮ್ಮದಲ್ಲ.

ಇನ್ನೆರಡು ಹೆಸರು ಕಿವಿಗೆ ಬೀಳುತ್ತವೆ. ಸಿಪಿಐಎಚ್‌ನಲ್ಲಿ ಸ್ವಂತ ಮನೆಯವರ ವಸತಿ ವೆಚ್ಚವೂ ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ಟ್ಯಾಕ್ಸೂ ಸೇರಿರುತ್ತವೆ. ಆರ್‌ಪಿಐ ಹಳೆಯ ಸೂಚ್ಯಂಕ. 2013ರಲ್ಲೇ ಅದರ ಅಧಿಕೃತ ಮಾನ್ಯತೆ ಹೋದರೂ ವಿದ್ಯಾರ್ಥಿ ಸಾಲದ ಬಡ್ಡಿಯಂಥ ಕಡೆ ಇನ್ನೂ ಉಸಿರಾಡುತ್ತಿದೆ. ಸಾಮಾನ್ಯವಾಗಿ ಸಿಪಿಐಗಿಂತ ಹೆಚ್ಚೇ ಇರುತ್ತದೆ. ಯಾವುದೇ ಕರಾರಿನಲ್ಲಿ ಆರ್‌ಪಿಐ ಎಂದು ಕಂಡರೆ ಸಹಿ ಹಾಕುವ ಮುನ್ನ ಎರಡು ಸಲ ಓದಿ.

ಹಣದುಬ್ಬರ ಇಳಿಯಿತು ಎಂದರೆ

ಬೆಲೆ ಇಳಿಯಿತು ಎಂದಲ್ಲ. ಇಲ್ಲಿ ಎಡವದವರು ಕಡಿಮೆ, ಲೆಕ್ಕ ಹಾಕಿಯೇ ನೋಡೋಣ. 2021ರ ಅಕ್ಟೋಬರ್‌ನಲ್ಲಿ 100 ಪೌಂಡ್ ಇದ್ದ ಬುಟ್ಟಿ. ಮರುವರ್ಷದ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 11.1, ನಾಲ್ಕು ದಶಕಗಳಲ್ಲೇ ಹೆಚ್ಚು, ಬುಟ್ಟಿ 111.10 ಆಯಿತು. 2023ರ ಅಕ್ಟೋಬರ್‌ನಲ್ಲಿ ಶೇ 4.6ಕ್ಕೆ ಇಳಿಯಿತು ಎಂದು ಪತ್ರಿಕೆಗಳು ಬರೆದವು, ಬುಟ್ಟಿ 116.21. ಮರುವರ್ಷ ಶೇ 2.3, ಬುಟ್ಟಿ 118.88. 2025ರ ಅಕ್ಟೋಬರ್‌ನಲ್ಲಿ ಶೇ 3.6, ಬುಟ್ಟಿ 123.16. ಗಾಡಿಯ ವೇಗ ಇಳಿದಿದೆ, ಗಾಡಿ ಹಿಂದಕ್ಕೆ ಬಂದಿಲ್ಲ. 2021ರಿಂದ ನಿಮ್ಮ ಕೈಗೆ ಬರುವ ಸಂಬಳ ಶೇ 23ರಷ್ಟು ಏರಿಲ್ಲದಿದ್ದರೆ ಕೊಳ್ಳುವ ಶಕ್ತಿ ತಗ್ಗಿದೆ ಎಂದೇ ಅರ್ಥ.

ಹಾಗಾದರೆ ಇದನ್ನು ತಡೆಯಬೇಕಾದವರು ಯಾರು? ಬ್ಯಾಂಕ್ ಆಫ್ ಇಂಗ್ಲೆಂಡ್. ಸರ್ಕಾರ ಕೊಟ್ಟ ಗುರಿ ಶೇ 2. ಅದರಿಂದ ಒಂದು ಅಂಶಕ್ಕಿಂತ ಹೆಚ್ಚು ಆಚೀಚೆ ಆದರೆ ಗವರ್ನರ್ ಹಣಕಾಸು ಸಚಿವರಿಗೆ ಕಾರಣ ಬರೆದು ಪತ್ರ ಕೊಡಬೇಕು. ಒಂಬತ್ತು ಜನರ ಸಮಿತಿ ವರ್ಷಕ್ಕೆ ಎಂಟು ಸಲ ಸೇರಿ ಬಡ್ಡಿ ದರ ತೀರ್ಮಾನಿಸುತ್ತದೆ. 2021ರ ಡಿಸೆಂಬರ್ ಆರಂಭದಲ್ಲಿ ಶೇ 0.1 ಇದ್ದ ದರವನ್ನು 2023ರ ಆಗಸ್ಟ್‌ಗೆ ಶೇ 5.25ಕ್ಕೆ ಒಯ್ದರು. ಮನೆಸಾಲ ಇರುವ ಹೆಚ್ಚಿನವರಿಗೆ ಪೆಟ್ಟು ಬೀಳುವುದು ಅಂದೇ ಅಲ್ಲ, ಎರಡು ಅಥವಾ ಐದು ವರ್ಷದ ಸ್ಥಿರ ಬಡ್ಡಿ ಅವಧಿ ಮುಗಿದ ದಿನ.

ವಿದ್ಯುತ್ತು, ಗ್ಯಾಸು

ಹೊಸದಾಗಿ ಬಂದವರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿ. ಕೊಡಗಿನಲ್ಲಿ ಕರೆಂಟು ಕೊಡುವುದು ಸೆಸ್ಕ್ ಒಂದೇ. ಇಲ್ಲಿ ತಂತಿ ಅದೇ ಇರುತ್ತದೆ, ಮಾರುವ ಕಂಪನಿಯನ್ನು ನೀವು ಬದಲಿಸಬಹುದು. ಯಾವ ಯೋಜನೆಯನ್ನೂ ಆರಿಸದಿದ್ದರೆ ಕಂಪನಿಯ ಬದಲಾಗುವ ದರಕ್ಕೆ ಬೀಳುತ್ತೀರಿ. ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಆ ದರಕ್ಕೆ ಆಫ್‌ಜೆಮ್ ಎಂಬ ನಿಯಂತ್ರಕ ಸಂಸ್ಥೆ ಮಿತಿ ಹಾಕುತ್ತದೆ. ಮಿತಿ ಬದಲಾಗುವ ದಿನ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1.

ಸುದ್ದಿಯಲ್ಲಿ ಮಿತಿ ವರ್ಷಕ್ಕೆ ಇಷ್ಟು ಪೌಂಡ್ ಎಂದು ಬರುತ್ತದೆ. ಅಷ್ಟಕ್ಕಿಂತ ಹೆಚ್ಚು ಬಿಲ್ಲು ಬರುವುದಿಲ್ಲ ಎಂದು ನಂಬಿ ಹೀಟರ್ ಹಾಕಿಕೊಂಡವರಿದ್ದಾರೆ. ಮಿತಿ ಇರುವುದು ಒಂದು ಯೂನಿಟ್‌ನ ದರಕ್ಕೆ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜ್‌ಗೆ, ಅಂದರೆ ಬಳಸದಿದ್ದರೂ ಕಟ್ಟಬೇಕಾದ ನಿಗದಿತ ಮೊತ್ತಕ್ಕೆ. ಒಟ್ಟು ಬಿಲ್ಲಿಗೆ ಮಿತಿಯೇ ಇಲ್ಲ. ಸುದ್ದಿಯ ಮೊತ್ತ ಒಂದು ಸರಾಸರಿ ಮನೆಯದು. 2023ರಲ್ಲಿ ನಿಗದಿ ಮಾಡಿದ ಲೆಕ್ಕದಂತೆ ಅಂಥ ಮನೆ ವರ್ಷಕ್ಕೆ 2,700 ಯೂನಿಟ್ ವಿದ್ಯುತ್ತು, 11,500 ಯೂನಿಟ್ ಗ್ಯಾಸ್ ಬಳಸುತ್ತಿತ್ತು.

ಸ್ಮಾರ್ಟ್ ಮೀಟರ್ ಇಲ್ಲದಿದ್ದರೆ ದರ ಬದಲಾಗುವ ಹಿಂದಿನ ದಿನ, ಉದಾಹರಣೆಗೆ ಮಾರ್ಚ್ 31ರಂದು, ಮೀಟರಿನ ಫೋಟೊ ತೆಗೆದು ಅಂಕಿಯನ್ನು ಕಂಪನಿಗೆ ಕಳಿಸಿ. ಕಳಿಸದಿದ್ದರೆ ಅವರು ಅಂದಾಜಿನ ಮೇಲೆ ಬಿಲ್ಲು ಮಾಡುತ್ತಾರೆ. ಹಳೆಯ ದರದಲ್ಲಿ ಉರಿಸಿದ ಯೂನಿಟ್ ಏರಿದ ಹೊಸ ದರಕ್ಕೆ ಸೇರಿದರೆ ನಷ್ಟ ನಿಮ್ಮದು. ಬಾಡಿಗೆ ಮನೆಗೆ ಹೊಕ್ಕ ದಿನವೂ ಬಿಟ್ಟ ದಿನವೂ ಇದೇ ಫೋಟೊ ಬೇಕು.

ಡೈರೆಕ್ಟ್ ಡೆಬಿಟ್‌ನಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಹೋಗುತ್ತದೆ. ಬೇಸಿಗೆಯಲ್ಲಿ ಜಮೆಯಾಗಿ ಚಳಿಗಾಲದಲ್ಲಿ ಕರಗುವ ಹಣ ಅದು. ಚಳಿಗಾಲ ಮುಗಿದ ಮೇಲೂ ದೊಡ್ಡ ಜಮೆ ಉಳಿದಿದ್ದರೆ ವಾಪಸ್ ಕೇಳುವ ಹಕ್ಕು ನಿಮಗಿದೆ. ಸಿಟ್ಟಿನಿಂದ ಡೈರೆಕ್ಟ್ ಡೆಬಿಟ್ಟನ್ನೇ ರದ್ದು ಮಾಡಬೇಡಿ. ಬಿಲ್ಲು ಬಂದ ಮೇಲೆ ಕಟ್ಟುವವರಿಗೆ ದರವೇ ಹೆಚ್ಚು. ಒಂದು ವರ್ಷಕ್ಕೆ ದರ ಕಟ್ಟಿಹಾಕುವ ಸ್ಥಿರ ಯೋಜನೆಗೆ ಆಫ್‌ಜೆಮ್ ಮಿತಿ ಅನ್ವಯಿಸುವುದಿಲ್ಲ, ಮಧ್ಯದಲ್ಲಿ ಬಿಟ್ಟರೆ ದಂಡವೂ ಇರಬಹುದು. ಕೊನೆಯ 49 ದಿನಗಳಲ್ಲಿ ಮಾತ್ರ ದಂಡವಿಲ್ಲದೆ ಬಿಡಬಹುದು. ಆ ದಿನಾಂಕವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ.

ಏಪ್ರಿಲ್ ಮತ್ತು ಬಾಡಿಗೆ

ಊರಲ್ಲಿ ಹೂಮಳೆಗೆ ಕಾಯುವ ಹೊತ್ತಿಗೆ ಇಲ್ಲಿ ಬಿಲ್ಲುಗಳ ಮಳೆ. ಕೌನ್ಸಿಲ್ ಟ್ಯಾಕ್ಸ್, ನೀರು, ಟಿವಿ ಲೈಸನ್ಸ್, ಹೆಚ್ಚಿನ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ದರ ಎಲ್ಲವೂ ಈ ಹೊತ್ತಿನಲ್ಲೇ ಏರುತ್ತವೆ. ಮೊಬೈಲಿನ ವಿಷಯದಲ್ಲಿ ಒಂದು ಅನುಕೂಲ ಆಗಿದೆ: 2025ರ ಜನವರಿ 17ರಿಂದ ಈಚೆಗೆ ಮಾಡಿಕೊಂಡ ಕರಾರಿನಲ್ಲಿ ಹಣದುಬ್ಬರದ ಜೊತೆ ದರ ಏರಿಸುತ್ತೇವೆ ಎಂದು ಬರೆಯುವಂತಿಲ್ಲ. ಎಷ್ಟು ಪೌಂಡ್, ಎಷ್ಟು ಪೆನ್ಸ್ ಏರುತ್ತದೆ ಎಂದು ಮೊದಲೇ ಹೇಳಬೇಕು.

ಇಂಗ್ಲೆಂಡ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ ನಿಲ್ಲುವುದು 1991ರ ಏಪ್ರಿಲ್‌ನಲ್ಲಿ ಮನೆಯ ಬೆಲೆ ಎಷ್ಟಿತ್ತು ಎಂಬುದರ ಮೇಲೆ. ಕೇಳಿದರೆ ನಗು ಬರುತ್ತದೆ, ಆದರೆ ವ್ಯವಸ್ಥೆ ಅದೇ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ. ಪೂರ್ಣಾವಧಿ ವಿದ್ಯಾರ್ಥಿಗಳನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ; ಎಲ್ಲರೂ ವಿದ್ಯಾರ್ಥಿಗಳಾದರೆ ತೆರಿಗೆಯೇ ಇಲ್ಲ. ಡಿಪೆಂಡೆಂಟ್ ವೀಸಾದಲ್ಲಿ ಬಂದ ವಿದ್ಯಾರ್ಥಿಯ ಗಂಡ ಅಥವಾ ಹೆಂಡತಿಗೆ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತಿದ್ದರೆ ಅವರನ್ನೂ ಎಣಿಸುವುದಿಲ್ಲ. ಗೊತ್ತಿಲ್ಲದೆ ಕಟ್ಟುತ್ತಿರುವ ಕುಟುಂಬಗಳಿವೆ. ವಿಶ್ವವಿದ್ಯಾಲಯದ ಪತ್ರ ಮತ್ತು ವೀಸಾ ವಿವರ ಸೇರಿಸಿ ಕೌನ್ಸಿಲ್‌ಗೆ ಅರ್ಜಿ ಹಾಕಿ. ಒಂದು ಎಚ್ಚರಿಕೆ: ಈ ರಿಯಾಯಿತಿಗಳು ವೀಸಾ ಷರತ್ತಿಗೆ ಅಡ್ಡಿಯಲ್ಲ. ಆದರೆ ಆದಾಯ ಕಡಿಮೆ ಎಂದು ಕೇಳುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಸರ್ಕಾರಿ ನೆರವಿನ ಪಟ್ಟಿಯಲ್ಲಿದೆ. ಹೆಸರು ಹತ್ತಿರ ಹತ್ತಿರ ಇದೆಯೆಂದು ತಪ್ಪು ಅರ್ಜಿ ತುಂಬಬೇಡಿ.

ಬಾಡಿಗೆಯ ನಿಯಮ ಇಂಗ್ಲೆಂಡ್‌ನಲ್ಲಿ 2026ರ ಮೇ 1ರಿಂದ ಬದಲಾಗಿದೆ. ಮಾಲೀಕರು ವರ್ಷಕ್ಕೆ ಒಮ್ಮೆ ಮಾತ್ರ, ನಿಗದಿತ ನಮೂನೆಯಲ್ಲಿ, ಎರಡು ತಿಂಗಳು ಮುಂಚೆ ನೋಟಿಸ್ ಕೊಟ್ಟು ಏರಿಸಬಹುದು. ವಾಟ್ಸಾಪ್ ಸಂದೇಶ ನೋಟಿಸ್ ಅಲ್ಲ. ಸುತ್ತಲಿನ ಬಾಡಿಗೆಗಿಂತ ಹೆಚ್ಚು ಕೇಳಿದ್ದಾರೆ ಅನಿಸಿದರೆ ಹೊಸ ಬಾಡಿಗೆ ಶುರುವಾಗುವ ದಿನಕ್ಕೆ ಮುಂಚೆ ನ್ಯಾಯಮಂಡಳಿಗೆ ಹೋಗಬೇಕು. ಅದು ಮಾಲೀಕರು ಕೇಳಿದ್ದಕ್ಕಿಂತ ಹೆಚ್ಚು ನಿಗದಿ ಮಾಡುವಂತಿಲ್ಲ, ಹಾಗಾಗಿ ಹೆದರಬೇಕಿಲ್ಲ. ಅದೇ ಪ್ರದೇಶದ, ಅಷ್ಟೇ ಕೋಣೆಗಳ ಮನೆಗಳ ಜಾಹೀರಾತುಗಳನ್ನು ದಿನಾಂಕ ಕಾಣುವಂತೆ ಉಳಿಸಿಟ್ಟುಕೊಳ್ಳಿ.

ಅಂಗಡಿಯ ಕಪಾಟಿನ ಮುಂದೆ

ಮಡಿಕೇರಿಯ ಶುಕ್ರವಾರದ ಸಂತೆಯ ಚೌಕಾಸಿ ಇಲ್ಲಿ ನಡೆಯುವುದಿಲ್ಲ. ಅದರ ಬದಲು ಬೆಲೆ ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 100 ಗ್ರಾಂಗೆ ಅಥವಾ ಕೆ.ಜಿ.ಗೆ ಎಷ್ಟು ಎಂದು ಬರೆದಿರುತ್ತದೆ. ಓದಬೇಕಾದದ್ದು ಅದನ್ನು. 200 ಗ್ರಾಂ ಕಾಫಿ 6 ಪೌಂಡ್ ಇತ್ತು ಎನ್ನಿ, 100 ಗ್ರಾಂಗೆ 3 ಪೌಂಡ್ ಆಯಿತು. ಮುಂದಿನ ಸಲ ಬಾಟಲಿ ಅದೇ, ಬೆಲೆ 6.30. ಶೇ 5 ತಾನೇ ಎಂದು ಕೈಹಾಕುತ್ತೀರಿ. ಒಳಗೆ 190 ಗ್ರಾಂ ಮಾತ್ರ ಇದ್ದರೆ 100 ಗ್ರಾಂಗೆ 3.32 ಪೌಂಡ್, ನಿಜವಾದ ಏರಿಕೆ ಶೇ 10.5. ಪಕ್ಕಪಕ್ಕದ ಎರಡು ಚೀಟಿಗಳಲ್ಲಿ ಒಂದು ಕೆ.ಜಿ. ಲೆಕ್ಕ, ಇನ್ನೊಂದು 100 ಗ್ರಾಂ ಲೆಕ್ಕ ಇರುವುದೂ ಉಂಟು, ಹತ್ತರಿಂದ ಗುಣಿಸಿ ನೋಡಿ. ಸಂಜೆ ಮೇಲೆ ಬೆಲೆ ಇಳಿಸಿ ಹಳದಿ ಚೀಟಿ ಅಂಟಿಸಿದ ಪ್ಯಾಕೆಟ್‌ಗಳು ಅಂದಿಗೇ ಅವಧಿ ಮುಗಿಯುವಂಥವು. ಪಂದಿಕರಿಗೆ ಮಾಂಸ ಆಗಲೇ ಕೊಂಡು ಫ್ರೀಜರಿಗೆ ಹಾಕಿದರೆ ಉಳಿತಾಯ.

ಬೆಲೆಯಲ್ಲಿ ವ್ಯಾಟ್ ಸೇರಿಯೇ ಇರುತ್ತದೆ. ಅಕ್ಕಿ, ಬೇಳೆ, ತರಕಾರಿ, ಕಾಳುಮೆಣಸು, ಕಾಫಿ ಪುಡಿಗೆ ವ್ಯಾಟ್ ಇಲ್ಲ. ಕೆಫೆಯ ಬಿಸಿ ಕಾಫಿಗೆ ಶೇ 20. ಹಸಿ ಗೋಡಂಬಿಗೆ ಇಲ್ಲ, ಹುರಿದು ಉಪ್ಪು ಹಾಕಿದ್ದಕ್ಕೆ ಶೇ 20. ಹಪ್ಪಳವೆಂದು ಮಾರುತ್ತಿದ್ದ ಆಲೂಗಡ್ಡೆ ಬೆರೆತ ಒಂದು ಕುರುಕಲನ್ನು ಚಿಪ್ಸ್ ಎಂದೇ ಪರಿಗಣಿಸಿ ವ್ಯಾಟ್ ಕಟ್ಟಬೇಕೆಂದು ನ್ಯಾಯಮಂಡಳಿ ತೀರ್ಪು ಕೊಟ್ಟದ್ದೂ ಇದೆ. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುವ ಸೋನಾ ಮಸೂರಿ, ತೊಗರಿಬೇಳೆಯ ಬೆಲೆ ಮಾತ್ರ ಇಲ್ಲಿನ ಸೂಚ್ಯಂಕದ ಹಿಂದೆ ಹೋಗುವುದಿಲ್ಲ. ಭಾರತದ ಬೆಳೆ, ಹಡಗಿನ ಬಾಡಿಗೆ, ಪೌಂಡ್ ದರ ಇವುಗಳ ಹಿಂದೆ ಹೋಗುತ್ತದೆ. ಅದಕ್ಕೇ ದೊಡ್ಡ ಚೀಲ ಕೊಳ್ಳುವವರು ಅಂಗಡಿಯ ರಿಯಾಯಿತಿ ಕಾಲಕ್ಕೆ ಕಾಯುತ್ತಾರೆ.

ಸಂಬಳ ಏರಿದರೂ ಸಾಲದೇಕೆ

ವರ್ಷಕ್ಕೆ 30,000 ಪೌಂಡ್ ಸಂಬಳದವರಿಗೆ ಶೇ 3.6 ಏರಿತು ಎನ್ನಿ, 1,080 ಪೌಂಡ್ ಹೆಚ್ಚು. ಅದರಲ್ಲಿ ಶೇ 20 ಆದಾಯ ತೆರಿಗೆ 216, ಶೇ 8 ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ) 86.40. ಕೈಗೆ 777.60. ಮೊದಲು ಕೈಗೆ ಬರುತ್ತಿದ್ದ ಸುಮಾರು 25,120ಕ್ಕೆ ಹೋಲಿಸಿದರೆ ಏರಿಕೆ ಶೇ 3.1 ಅಷ್ಟೇ. ಕಾರಣ, ತೆರಿಗೆಯಿಲ್ಲದ 12,570 ಪೌಂಡ್‌ಗಳ ಮಿತಿ 2021ರಿಂದ ಅಲ್ಲೇ ನಿಂತಿದೆ; 2031ರವರೆಗೂ ಕದಲಿಸುವುದಿಲ್ಲ ಎಂದು ಸರ್ಕಾರ ಹೇಳಿದೆ. ಬೆಲೆಯ ಜೊತೆ ಮಿತಿಯೂ ಏರಿದ್ದರೆ ಏರಿಕೆ ಹೀಗೆ ಕುಗ್ಗುತ್ತಿರಲಿಲ್ಲ. 50,270 ದಾಟಿದ ಭಾಗಕ್ಕೆ ಶೇ 40. ಸ್ಕಾಟ್‌ಲೆಂಡ್‌ನ ದರಗಳು ಬೇರೆ. ಸಂಬಳದ ಮಾತುಕತೆಗೆ ಕೂರುವಾಗ ಈ ಕೈಗೆ ಬರುವ ಲೆಕ್ಕವನ್ನೇ ಹಿಡಿದು ಕೂರಿ.

ಮನೆಯ ಔಟ್‌ಟರ್ನ್ ತೆಗೆಯಲು ಅರ್ಧ ಗಂಟೆ ಸಾಕು. ಬ್ಯಾಂಕ್ ಆ್ಯಪ್‌ನಿಂದ ಈ ವರ್ಷದ ಮತ್ತು ಹೋದ ವರ್ಷದ ಇದೇ ಮೂರು ತಿಂಗಳ ಖರ್ಚು ಇಳಿಸಿ, ಬಾಡಿಗೆ, ಇಂಧನ, ದಿನಸಿ, ಪ್ರಯಾಣ ಎಂದು ನಾಲ್ಕು ಭಾಗ ಮಾಡಿ, ಹೊಸ ಮೊತ್ತವನ್ನು ಹಳೆಯದರಿಂದ ಭಾಗಿಸಿ; 1.05 ಬಂದರೆ ಏರಿಕೆ ಶೇ 5. ಊರಿಗೆ ಕಳಿಸಿದ ಹಣವನ್ನು ಇದರಲ್ಲಿ ಸೇರಿಸಬೇಡಿ. ಅದು ರೂಪಾಯಿ ದರದ ಲೆಕ್ಕ. ಮಕ್ಕಳು ಹುಟ್ಟಿದ, ಮನೆ ಬದಲಿಸಿದ ವರ್ಷ ಈ ಹೋಲಿಕೆ ಕೆಲಸಕ್ಕೆ ಬಾರದು.

ಪುತ್ತರಿ ಹಬ್ಬಕ್ಕೆ ಊರಿಗೆ ಹೋಗುವವರು ಮನೆ ಖಾಲಿಯಿದ್ದರೂ ಸ್ಟ್ಯಾಂಡಿಂಗ್ ಚಾರ್ಜ್ ದಿನದಿನವೂ ಬೀಳುತ್ತದೆಂದು ತಿಳಿದಿರಬೇಕು. ಹಾಗೆಂದು ಡಿಸೆಂಬರ್ ಚಳಿಯಲ್ಲಿ ಹೀಟರ್ ಪೂರ್ತಿ ಆರಿಸಿದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯಬಹುದು. ಕಡಿಮೆ ಬಿಸಿಗೆ ಇಟ್ಟು ಹೋಗಿ. ಬರುವಾಗ ಕಾಫಿ ಪುಡಿ, ಕಾಳುಮೆಣಸು, ಬಿಗಿ ಮುಚ್ಚಿದ ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ) ತರಬಹುದು. ಮಾಂಸ, ಹಾಲಿನ ಪದಾರ್ಥ, ತುಪ್ಪ ತಂದರೆ ವಿಮಾನ ನಿಲ್ದಾಣದಲ್ಲೇ ಕಿತ್ತಿಟ್ಟುಕೊಳ್ಳುತ್ತಾರೆ.